ಲ್ಯಾಪ್‌ಟಾಪ್ ಮೆಮೊರಿ: ಆಯ್ಕೆ ಮತ್ತು ವಿಸ್ತರಣೆ

ಲ್ಯಾಪ್‌ಟಾಪ್ ಓಡುತ್ತಿರುವಾಗ ಪ್ರೊಸೆಸರ್‌ಗೆ ಬೇಕಾದ ದತ್ತಾಂಶವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಭಾಗವೇ ರ‍್ಯಾಮ್. ಕೊಳ್ಳುವವರು ಅದರ ವೇಗವನ್ನು ವಿಚಾರಿಸುತ್ತಾರೆ. ಆದರೆ ಮೊದಲು ಕೇಳಬೇಕಾದದ್ದು, ಅದರ ಗಾತ್ರವನ್ನು ಮುಂದೆ ಹೆಚ್ಚಿಸಲು ಬರುತ್ತದೆಯೇ ಎಂದು. ತೆಳು ಮಾದರಿಗಳಲ್ಲಿ ಎಲ್‌ಪಿಡಿಡಿಆರ್ ಎಂಬ ಕಡಿಮೆ ವಿದ್ಯುತ್ತಿನ ಮೆಮೊರಿ ಚಿಪ್‌ಗಳನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇದರಿಂದ ಬ್ಯಾಟರಿ ಉಳಿಯುತ್ತದೆ ನಿಜ, ಆದರೆ ಕೊಂಡ ದಿನದ ಗಾತ್ರವೇ ಕೊನೆಯವರೆಗೆ. ಸ್ಲಾಟ್ ಇದ್ದರೂ ಎಲ್ಲವೂ ಎಲ್ಲದಕ್ಕೂ ಹೊಂದವು: ಲ್ಯಾಪ್‌ಟಾಪಿನ ಡಿಡಿಆರ್4 ಮಾಡ್ಯೂಲ್‌ಗೆ 260 ಪಿನ್, 1.2 ವೋಲ್ಟ್, ಡಿಡಿಆರ್5ಗೆ 262 ಪಿನ್, 1.1 ವೋಲ್ಟ್, ಅಂಚಿನ ಕಚ್ಚಿನ ಜಾಗವೂ ಬೇರೆ. ಹೆಚ್ಚು ವೇಗದ್ದನ್ನು ತಂದು ಹಾಕಿದರೂ ಅದು ಯಂತ್ರದ ಮಿತಿಗೆ ಇಳಿದೇ ಓಡುತ್ತದೆ. ಅದಕ್ಕೆ ತೆತ್ತ ಹೆಚ್ಚುವರಿ ಹಣ ದಂಡ.

ಎಸ್‌ಎಸ್‌ಡಿ ವೇಗವಾಗಿದ್ದರೆ 8 ಜಿಬಿ ಸಾಕೆಂಬ ವಾದವಿದೆ. ರ‍್ಯಾಮ್ ತುಂಬಿದಾಗ ದತ್ತಾಂಶ ಎಸ್‌ಎಸ್‌ಡಿಗೆ ಹೋಗುವುದು ಸರಿ. ಆದರೆ ರ‍್ಯಾಮ್ ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಕೊಡುವುದಕ್ಕೆ ಎಸ್‌ಎಸ್‌ಡಿ ಹತ್ತಾರು ಮೈಕ್ರೊಸೆಕೆಂಡು ತೆಗೆದುಕೊಳ್ಳುತ್ತದೆ, ಅಂದರೆ ನೂರಾರು ಪಟ್ಟು ತಡ. ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದವರಿಗೆ ಈ ತಡ ಕಣ್ಣಿಗೇ ಕಾಣುತ್ತದೆ. ಎರಡು ಸ್ಲಾಟ್‌ಗಳಿದ್ದರೆ 16 ಜಿಬಿಯ ಒಂದು ಮಾಡ್ಯೂಲ್‌ಗಿಂತ 8 ಜಿಬಿಯ ಎರಡು ಮೇಲು: ಮೆಮೊರಿಯ ಎರಡೂ ಚಾನೆಲ್ ದುಡಿಯುತ್ತವೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಅದರ ಲಾಭ ಹೆಚ್ಚು. ಬೆಸುಗೆಯ ಮಾದರಿಯನ್ನೇ ಕೊಳ್ಳುವುದಾದರೆ 16 ಜಿಬಿಗಿಂತ ಕಡಿಮೆಯದು ಬೇಡ.