‘ಸಂಜದ’ ಪದದ ಶೋಧನೆ: ಮೂಡುಬಿದಿರೆಯ ತಾಡವೋಲೆ ಮತ್ತು ಮುದ್ರಿತ ಪಾಠ

ಗ್ರಂಥವನ್ನಾಗಲಿ, ಸಂಶೋಧನ ಮಹಾಪ್ರಬಂಧವನ್ನಾಗಲಿ ಒಪ್ಪಿಸುವ ಮುನ್ನ ಕೊನೆಯ ಬಾರಿ ತಿದ್ದಿ ನೋಡುವುದನ್ನು ಕೇವಲ ಕಾಗುಣಿತದ ಕೆಲಸವೆಂದು ಭಾವಿಸುವುದುಂಟು. ಹಸ್ತಪ್ರತಿಗಳನ್ನು ಆಧರಿಸಿದ ಬರಹಗಳ ಮಟ್ಟಿಗೆ ಈ ಭಾವನೆ ಸಲ್ಲದು. ಅಕ್ಷರಗಳೆಲ್ಲ ಶುದ್ಧವಾಗಿದ್ದೂ ಪಾಠವು ಅಶುದ್ಧವಾಗಿರಬಹುದು. ತಪ್ಪಾಗಿ ಬರೆದ ಪದ ಕಣ್ಣಿಗೆ ಬೀಳುತ್ತದೆ; ಬಿಟ್ಟುಹೋದ ಪದ ಬೀಳುವುದಿಲ್ಲ. ಮೂಲದೊಡನೆ ತಾಳೆ ನೋಡಿದಾಗಲೇ ಅದರ ಲೋಪ ನಿಶ್ಚಯವಾಗುವುದು. ಷಟ್ಖಂಡಾಗಮದ ಮುದ್ರಣೇತಿಹಾಸವು ಇದಕ್ಕೆ ಸ್ಪಷ್ಟವಾದ ನಿದರ್ಶನವಾಗಿದೆ.

ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ರಚಿಸಿದ ಈ ಆಗಮಕ್ಕೆ ವೀರಸೇನಾಚಾರ್ಯರು ೯ನೆಯ ಶತಮಾನದ ಆರಂಭದಲ್ಲಿ ‘ಧವಲಾ’ ಎಂಬ ಟೀಕೆಯನ್ನು ಬರೆದರು. ಅದರ ಪರಿಮಾಣ ಸುಮಾರು ೭೨,೦೦೦ ಶ್ಲೋಕಗಳೆಂದು ಸಂಪ್ರದಾಯ ಹೇಳುತ್ತದೆ. ಬಂಟ್ವಾಳ, ಬೆಳ್ತಂಗಡಿ ಸೀಮೆಗಳಿಗೆ ಹೊಂದಿಕೊಂಡಿರುವ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ಮತ್ತು ಮಹಾಬಂಧ ಗ್ರಂಥಗಳ ತಾಡವೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದುವು. ಶತಮಾನಗಳವರೆಗೆ ಅವು ಅಧ್ಯಯನದ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ದರ್ಶನದ ವಸ್ತುವಾಗಿದ್ದುವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು, ಓದಬಲ್ಲವರು ವಿರಳರಾಗಿದ್ದರು.

ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ ನೇಮಿಚಂದ ಮೊದಲಾದವರ ಪ್ರಯತ್ನದಿಂದ ೧೮೯೬ರಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ತೊಡಗಿದ ಈ ಕಾರ್ಯವನ್ನು ಗಜಪತಿ ಉಪಾಧ್ಯಾಯರೂ ಅನಂತರದ ಲಿಪಿಕಾರರೂ ಮುಂದುವರಿಸಿದರು. ಮೂರೂ ಸಿದ್ಧಾಂತ ಗ್ರಂಥಗಳ ಪ್ರತಿಲಿಪಿ ಮುಗಿದುದು ೧೯೨೨ರಲ್ಲಿ. ಈ ಪ್ರತಿಗಳು ಹೊರಗೆ ಹೋಗಬಾರದೆಂಬ ನಿರ್ಬಂಧವಿತ್ತು. ಆದರೆ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡಿದ್ದರು. ಅದು ಸಹಾರನಪುರವನ್ನು ಸೇರಿ, ಅಲ್ಲಿ ನಾಗರೀ ಲಿಪಿಗೆ ಇಳಿಯಿತು. ಆ ನಾಗರೀ ಪ್ರತಿಯ ಪರಂಪರೆಯಿಂದಲೇ ಆರಾ, ಕಾರಂಜಾ, ಅಮರಾವತಿ ಮುಂತಾದೆಡೆಗಳ ಪ್ರತಿಗಳು ಹುಟ್ಟಿದುವು.

ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಇಂತಹ ಪ್ರತಿಗಳ ಪ್ರತಿಗಳು ಮಾತ್ರ. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ಶೋಧನಕಾರ್ಯದಲ್ಲಿ ನೆರವಾದರು. ಮೂಲ ಓಲೆಗರಿಗೂ ಅಚ್ಚಿನ ಹಾಳೆಗೂ ನಡುವೆ ಹಲವು ಕೈಗಳೂ ಎರಡು ಲಿಪಿಗಳೂ ಇದ್ದುವೆಂಬುದು ಗಮನಾರ್ಹ.

ಈ ಸಂಪುಟದ ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಸಂಪಾದಕರಿಗೆ ಒಂದು ತೊಡಕು ಕಾಣಿಸಿತು. ಮನುಷಿಣಿಯರಿಗೆ ಪರ್ಯಾಪ್ತಾವಸ್ಥೆಯಲ್ಲಿ ಯಾವ ಗುಣಸ್ಥಾನಗಳು ಸಲ್ಲುತ್ತವೆ ಎಂಬುದನ್ನು ಹೇಳುವ ಸೂತ್ರವದು. ದೊರೆತ ಪ್ರತಿಗಳಲ್ಲಿ ಗುಣಸ್ಥಾನಗಳ ಎಣಿಕೆ ‘ಸಂಜದಾಸಂಜದ’ ಎಂಬಲ್ಲಿಗೆ, ಎಂದರೆ ಐದನೆಯದಕ್ಕೆ ನಿಂತಿತ್ತು. ಆದರೆ ವೀರಸೇನರ ಟೀಕೆಯು ಅದೇ ಸೂತ್ರದ ಕೆಳಗೆ, ಇದರಿಂದ ದ್ರವ್ಯಸ್ತ್ರೀಯರಿಗೆ ಮುಕ್ತಿ ಸಿದ್ಧಿಸುವುದಿಲ್ಲವೇ ಎಂಬ ಆಕ್ಷೇಪವನ್ನೆತ್ತಿ, ಅಲ್ಲವೆಂದು ಪರಿಹರಿಸಿ, ಹದಿನಾಲ್ಕು ಗುಣಸ್ಥಾನಗಳ ಮಾತನ್ನು ಭಾವವೇದದ ಅಪೇಕ್ಷೆಯಿಂದ ಸಮರ್ಥಿಸುತ್ತದೆ. ಸೂತ್ರವು ಐದನೆಯ ಗುಣಸ್ಥಾನದಲ್ಲಿಯೇ ಮುಗಿದಿದ್ದರೆ ಇಂತಹ ಆಕ್ಷೇಪಕ್ಕೆ ಆಸ್ಪದವೇ ಇರುತ್ತಿರಲಿಲ್ಲ. ಆದುದರಿಂದ ‘ಸಂಜದಾಸಂಜದ’ದ ಬಳಿಕ ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಊಹಿಸಿದರು. ಆದರೂ ಅದನ್ನು ಸೂತ್ರದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಮಾತ್ರ ಸೂಚಿಸಿದರು. ಊಹೆಯನ್ನು ಪಾಠವೆಂದು ಅಚ್ಚಿಸದಿದ್ದುದು ಅವರ ಸಂಯಮದ ಕುರುಹು.

ಈ ಲೋಪದ ಕಾರಣವನ್ನು ಊಹಿಸುವುದು ಕಷ್ಟವಲ್ಲ. ‘ಸಂಜದ’ ಎಂಬ ಅಕ್ಷರಗಳು ಅಲ್ಲಿ ಒಂದರ ಹಿಂದೆ ಒಂದರಂತೆ ಆವರ್ತಿಸುತ್ತವೆ. ಬರೆಯುವವನ ಕಣ್ಣು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಜಾರಿದರೆ ನಡುವಿನದು ಸದ್ದಿಲ್ಲದೆ ಮರೆಯಾಗುತ್ತದೆ. ಲಿಪಿಕಾರರ ಸ್ಖಾಲಿತ್ಯಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು. ಆದರೆ ಪರಿಣಾಮ ಸಾಮಾನ್ಯವಾದುದಲ್ಲ. ಸ್ತ್ರೀಮುಕ್ತಿಯ ಪ್ರಶ್ನೆಯಲ್ಲಿ ದಿಗಂಬರ, ಶ್ವೇತಾಂಬರ ಸಂಪ್ರದಾಯಗಳಿಗೆ ಭಿನ್ನಾಭಿಪ್ರಾಯವಿರುವುದರಿಂದ ಮೂರಕ್ಷರದ ಈ ಪದ ೧೯೪೦ರ ದಶಕದಲ್ಲಿ ತೀವ್ರ ವಾದಕ್ಕೆ ಕಾರಣವಾಯಿತು. ಆ ಪದ ಸಿದ್ಧಾಂತಕ್ಕೆ ವಿರುದ್ಧವೆಂದು ಕೆಲವು ಪಂಡಿತರು ವಾದಿಸಿದರೆ, ಭಾವಸ್ತ್ರೀಯ ಅರ್ಥದಲ್ಲಿ ಅದು ಅವಶ್ಯವೆಂದು ಮತ್ತೆ ಕೆಲವರು ಪ್ರತಿಪಾದಿಸಿದರು.

ನಿರ್ಣಯ ದೊರೆತುದು ತರ್ಕದಿಂದಲ್ಲ, ಓಲೆಗರಿಯಿಂದ. ಮೊದಲ ಸಂಪುಟ ಪ್ರಕಟವಾದ ಬಳಿಕ ಮೂಡುಬಿದಿರೆಯ ಭಟ್ಟಾರಕರೂ ಬಸದಿಯ ವ್ಯವಸ್ಥಾಪಕರೂ ಉದಾರವಾಗಿ ಸಹಕರಿಸಿದರು. ಅಲ್ಲಿಯ ಪಂಡಿತ ಲೋಕನಾಥ ಶಾಸ್ತ್ರಿಗಳು ಮುದ್ರಿತ ಪಾಠವನ್ನು ತಾಡವೋಲೆಯೊಡನೆ ತಾಳೆ ನೋಡಿ ಪಾಠಾಂತರಗಳನ್ನು ಕಳುಹಿಸಿಕೊಟ್ಟರು. ೯೩ನೆಯ ಸೂತ್ರದಲ್ಲಿ ‘ಸಂಜದ’ ಪದವಿದ್ದುದು ಆಗ ಖಚಿತವಾಯಿತು. ಅರ್ಥದ ವಿಚಾರದಲ್ಲಿ ವಾದ ನಡೆಯಬಹುದು. ಗರಿಯಲ್ಲಿ ಇದ್ದುದನ್ನು ಇಲ್ಲವೆನ್ನಲು ಬಾರದು.

ಹಳಗನ್ನಡ ಲಿಪಿಯಲ್ಲಿ ಬರೆದ ಪ್ರಾಕೃತ ಪ್ರತಿಗಳನ್ನು ಓದುವುದು ಸುಲಭವಲ್ಲ. ದಕಾರ ಧಕಾರಗಳ ಭೇದ ಹಲವೆಡೆ ಅಸ್ಪಷ್ಟ. ಸೊನ್ನೆಯು ಒಮ್ಮೆ ಅನುಸ್ವಾರವನ್ನು, ಇನ್ನೊಮ್ಮೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುತ್ತದೆ. ಇದನ್ನರಿಯದೆ ನಾಗರಿಗೆ ಇಳಿಸಿದ ಪಾಠ ನೋಡಲು ಅಂದವಾಗಿದ್ದರೂ ನಂಬಲರ್ಹವಾಗದು. ಉತ್ತರದ ವಿದ್ವಾಂಸರ ಸಿದ್ಧಾಂತಜ್ಞಾನಕ್ಕೆ ತುಳುನಾಡಿನ ಪಂಡಿತರ ಲಿಪಿಜ್ಞಾನ ಕೂಡಿದಾಗಲೇ ಶೋಧನೆ ಪೂರ್ಣವಾದುದು ಈ ಕಾರಣದಿಂದ.

ಮಹಾಪ್ರಬಂಧವನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಲಿರುವ ಸಂಶೋಧಕನಿಗೆ ಇದರಲ್ಲಿ ನೇರವಾದ ಪಾಠವಿದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ, ಭಾರತೀಯ ಜ್ಞಾನಪೀಠವು ೧೯೪೮ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯು ಮೂಡುಬಿದಿರೆ ಮತ್ತು ಸುತ್ತಣ ಭಂಡಾರಗಳ ಪ್ರತಿಗಳನ್ನು ಪರಿಚಯಿಸುತ್ತದೆ. ಮೂಲವನ್ನು ಅರಸುವವನಿಗೆ ದಾರಿ ಮುಚ್ಚಿಲ್ಲ. ಉದ್ಧರಿಸಿದ ಪ್ರತಿಯೊಂದು ವಾಕ್ಯವನ್ನೂ ತನ್ನ ಟಿಪ್ಪಣಿಯೊಡನಲ್ಲ, ಮೂಲದೊಡನೆ ಹೋಲಿಸಬೇಕು. ಒಬ್ಬರು ಓದಿ ಇನ್ನೊಬ್ಬರು ನೋಡುವುದು ಇನ್ನೂ ಕ್ಷೇಮ. ಪದಗಳು ಆವರ್ತಿಸುವಲ್ಲಿ ಬೆರಳಿಟ್ಟು ಎಣಿಸಬೇಕು. ಮೂಲ ದೊರೆಯದಿದ್ದರೆ ಊಹೆಯನ್ನು ಅಡಿಟಿಪ್ಪಣಿಯಲ್ಲಿಡಬೇಕು. ಅಮರಾವತಿಯ ಸಂಪಾದಕರು ೧೯೩೯ರಲ್ಲಿ ಮಾಡಿದುದು ಇದನ್ನೇ. ಮೂಡುಬಿದಿರೆಯ ಗರಿಯು ಅದನ್ನು ಸಮರ್ಥಿಸಿತು.