ತೂಕದ ಕಲ್ಲು ಯಾರ ಕೈಯಲ್ಲಿ?

ಕಾರ್ಖಾನೆಗೆ ಬೇಕಾದ ಸಾಮಗ್ರಿಯನ್ನು ಯಾರಿಂದ ಕೊಳ್ಳಬೇಕು? ಕಡಿಮೆ ದರ ಹೇಳಿದವರಿಂದ ಎಂದು ಥಟ್ಟನೆ ಉತ್ತರಿಸಬಹುದು. ಕೊಳ್ಳುವುದನ್ನೇ ವೃತ್ತಿಯಾಗಿಸಿಕೊಂಡವರು ಹಾಗೆ ಹೇಳಲಿಲ್ಲ. 1966ರಲ್ಲಿ ಡಿಕ್ಸನ್ ಎಂಬ ವಿದ್ವಾಂಸರು ಅಮೆರಿಕ ಮತ್ತು ಕೆನಡಾದ ಖರೀದಿ ಅಧಿಕಾರಿಗಳ ಮುಂದೆ 23 ಮಾನದಂಡಗಳನ್ನಿಟ್ಟು, ಯಾವುದು ಎಷ್ಟು ಮುಖ್ಯವೆಂದು ಕೇಳಿದರು. 170 ಮಂದಿ ಉತ್ತರಿಸಿದರು. ಗುಣಮಟ್ಟಕ್ಕೆ ಮೊದಲ ಸ್ಥಾನ, ಹೇಳಿದ ದಿನಕ್ಕೆ ಸರಕು ತಲುಪಿಸುವುದಕ್ಕೆ ಎರಡನೆಯದು, ಹಿಂದಿನ ವ್ಯವಹಾರದ ದಾಖಲೆಗೆ ಮೂರನೆಯದು. ದರ ಆರನೆಯ ಸ್ಥಾನಕ್ಕೆ ಇಳಿದಿತ್ತು.

ಕಷ್ಟ ಶುರುವಾಗುವುದು ಇಲ್ಲಿಂದ. ದರ ರೂಪಾಯಿಯಲ್ಲಿ, ವಿಳಂಬ ದಿನಗಳಲ್ಲಿ, ದೋಷ ಎಣಿಕೆಯಲ್ಲಿ ಇರುತ್ತದೆ. ಇವನ್ನು ಕೂಡಿಸುವುದು ಹೇಗೆ? ದರಕ್ಕೆ ಇಷ್ಟು ಅಂಕ, ಗುಣಮಟ್ಟಕ್ಕೆ ಇಷ್ಟು ಅಂಕ ಎಂದು ಮೊದಲೇ ತೂಕ ನಿಗದಿಮಾಡುವುದು ರೂಢಿಯ ದಾರಿ. ಭಾರತದ ಹಣಕಾಸು ಸಚಿವಾಲಯ 2021ರಲ್ಲಿ ಕಾಮಗಾರಿಗಳ ಟೆಂಡರಿನಲ್ಲಿ ಗುಣಮಟ್ಟಕ್ಕೂ ಅಂಕ ಕೊಡಲು ಅವಕಾಶ ಮಾಡಿಕೊಟ್ಟಾಗ, ಅದು ಶೇ. 30 ಮೀರಬಾರದೆಂದು ಮಿತಿ ಹಾಕಿತು. ಮೂವತ್ತೇ ಏಕೆ, ನಲವತ್ತೇಕಲ್ಲ? ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ. ಆದರೆ ಆ ಸಂಖ್ಯೆ ಬದಲಾದರೆ ಗೆಲ್ಲುವವರೂ ಬದಲಾಗಬಹುದು. ತಮ್ಮವರನ್ನು ಗೆಲ್ಲಿಸಬೇಕೆಂದಿರುವವರು ತಕ್ಕಡಿ ಮುಟ್ಟಬೇಕಾಗಿಲ್ಲ, ತೂಕದ ಕಲ್ಲು ಬದಲಿಸಿದರೆ ಸಾಕು.

ಇದಕ್ಕೊಂದು ಹೊಸ ಉತ್ತರ ಬಂದದ್ದು ಯಾವ ಖರೀದಿ ವಿಭಾಗದಿಂದಲೂ ಅಲ್ಲ, ಬಡ ಮಕ್ಕಳ ಶಾಲೆಗಳಿಂದ. ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಇದೇ. 1970ರ ದಶಕದಲ್ಲಿ ಎಡ್ವರ್ಡೊ ರೋಡ್ಸ್ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಬ್ಲ್ಯು. ಡಬ್ಲ್ಯು. ಕೂಪರ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಬಡ ಕುಟುಂಬದ ಮಕ್ಕಳಿಗಾಗಿ ಅಮೆರಿಕ ಸರ್ಕಾರ ನಡೆಸುತ್ತಿದ್ದ 'ಫಾಲೋ ಥ್ರೂ' ಎಂಬ ಶಿಕ್ಷಣ ಯೋಜನೆಯ ಮೌಲ್ಯಮಾಪನ ಅವರ ವಿಷಯ. ಹೋಲಿಸಬೇಕಾಗಿದ್ದದ್ದು 70 ಶಾಲಾ ಕೇಂದ್ರಗಳನ್ನು: 49 ಯೋಜನೆಯ ಒಳಗಿನವು, 21 ಹೊರಗಿನವು. ತಾಯಿಯ ವಿದ್ಯಾಭ್ಯಾಸ, ಶಿಕ್ಷಕರ ಸಂಖ್ಯೆ ಮೊದಲಾದವು ಹೂಡಿಕೆಗಳು. ಓದು, ಗಣಿತ ಮತ್ತು ಮಗುವಿನ ಆತ್ಮಗೌರವ ಫಲಗಳು. ಗಣಿತದ ಎಷ್ಟು ಅಂಕ ಒಂದು ಮಗುವಿನ ಆತ್ಮಗೌರವಕ್ಕೆ ಸಮ? ಅದಕ್ಕೆ ಯಾವ ಮಾರುಕಟ್ಟೆಯೂ ಬೆಲೆ ಕಟ್ಟಿರಲಿಲ್ಲ.

ಆಗ ರೋಡ್ಸ್ ಅವರ ನೆರವಿಗೆ ಬಂದದ್ದು ಎಂ. ಜೆ. ಫ್ಯಾರೆಲ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರ 1957ರ ಪ್ರಬಂಧ. ಫ್ಯಾರೆಲ್ ಅಮೆರಿಕದ 48 ರಾಜ್ಯಗಳ ಕೃಷಿಯನ್ನು ಅಳೆಯುವಾಗ, ಕಾಗದದ ಮೇಲಿನ ಆದರ್ಶವನ್ನು ಬಿಟ್ಟು, ನಿಜವಾಗಿ ಚೆನ್ನಾಗಿ ನಡೆಸಿ ತೋರಿಸಿದವರನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಈ ವಿಚಾರವನ್ನು ಹಲವು ಫಲಗಳಿರುವ ಸಂದರ್ಭಕ್ಕೆ ವಿಸ್ತರಿಸಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ 1978ರಲ್ಲಿ ಪ್ರಕಟಿಸಿದ ಮಾದರಿಗೆ 'ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್' ಎಂಬ ಹೆಸರು ಬಂತು. ಅದರ ತಿರುಳು ಇಷ್ಟೇ: ತೂಕವನ್ನು ಪರೀಕ್ಷಕರು ನಿಗದಿಮಾಡುವುದಿಲ್ಲ. ಪ್ರತಿಯೊಬ್ಬ ಸ್ಪರ್ಧಿಗೂ ತನಗೆ ಅತ್ಯಂತ ಅನುಕೂಲವಾದ ತೂಕವನ್ನೇ ಲೆಕ್ಕ ಹುಡುಕಿಕೊಡುತ್ತದೆ. ಒಂದೇ ಷರತ್ತು, ಅದೇ ತೂಕದಲ್ಲಿ ಅಳೆದಾಗ ಯಾರ ದಕ್ಷತೆಯೂ ನೂರನ್ನು ಮೀರಬಾರದು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಪೂರೈಕೆದಾರ 'ಅ'ನ ದರ 100 ರೂಪಾಯಿ, ಸಾವಿರ ಬಿಡಿಭಾಗಗಳಲ್ಲಿ 12 ದೋಷ. 'ಬ'ನದು 120 ರೂಪಾಯಿ, 4 ದೋಷ. 'ಕ'ನದು 115 ರೂಪಾಯಿ, 10 ದೋಷ. ದರದಲ್ಲಿ 'ಅ' ಮುಂದು, ಗುಣಮಟ್ಟದಲ್ಲಿ 'ಬ' ಮುಂದು. 'ಕ' ಎರಡರಲ್ಲೂ ನಡುವಿನವನು, ಸಮತೋಲದವನಂತೆ ಕಾಣುತ್ತಾನೆ. ಆದರೆ 'ಅ' ಮತ್ತು 'ಬ'ರಿಂದ ಅರ್ಧರ್ಧ ಕೊಂಡರೆ ಸರಾಸರಿ ದರ 110, ದೋಷ 8. ಎರಡರಲ್ಲೂ 'ಕ'ನಿಗಿಂತ ಮೇಲು. ಯಾವ ತೂಕ ಕೊಟ್ಟರೂ 'ಕ'ನ ದಕ್ಷತೆ ಸುಮಾರು 93 ದಾಟುವುದಿಲ್ಲ. ಅಂದರೆ ದರ, ದೋಷ ಎರಡನ್ನೂ ಶೇ. 7ರಷ್ಟು ಇಳಿಸಿದರೆ ಅವನೂ ಮುಂಚೂಣಿಯವರ ಸಾಲಿಗೆ ಬರುತ್ತಾನೆ.

1990ರ ದಶಕದಲ್ಲಿ ಈ ವಿಧಾನ ಪೂರೈಕೆದಾರರ ಆಯ್ಕೆಗೂ ಬಂತು. 1996ರಲ್ಲಿ ಚಾರ್ಲ್ಸ್ ವೆಬರ್ ಶಿಶು ಆಹಾರ ತಯಾರಿಸುವ ಕಂಪನಿಯೊಂದರ ಪೂರೈಕೆದಾರರನ್ನು ಹೀಗೆ ಅಳೆದರು. ಹಿಂದುಳಿದವರು ಮುಂಚೂಣಿಯ ಮಟ್ಟಕ್ಕೆ ಬಂದರೆ ವೆಚ್ಚ, ವಿಳಂಬ, ತಿರಸ್ಕೃತ ಸರಕು ಮೂರೂ ಗಣನೀಯವಾಗಿ ಇಳಿಯುತ್ತವೆಂದು ತೋರಿಸಿದರು.

ಆದರೆ ಈ ಔದಾರ್ಯಕ್ಕೂ ಒಂದು ಬೆಲೆಯಿದೆ. ನಮ್ಮ ಲೆಕ್ಕಕ್ಕೆ 99 ರೂಪಾಯಿಗೆ ಮಾರುವ, ಸಾವಿರಕ್ಕೆ 60 ದೋಷವಿರುವ 'ಡ' ಬಂದನೆಂದುಕೊಳ್ಳಿ. ಪೂರ್ತಿ ತೂಕವನ್ನು ದರದ ಮೇಲೆ ಹಾಕಿ, ದೋಷಕ್ಕೆ ಸೊನ್ನೆ ಕೊಟ್ಟರೆ ಅವನಿಗೂ ನೂರಕ್ಕೆ ನೂರು! 1986ರಲ್ಲೇ ಇದಕ್ಕೆ ಎರಡು ಪರಿಹಾರಗಳು ಬಂದಿದ್ದವು. ಸೆಕ್ಸ್‌ಟನ್ ಮತ್ತು ಸಂಗಡಿಗರು, ಪ್ರತಿಯೊಬ್ಬರನ್ನೂ ಉಳಿದವರ ತೂಕದಲ್ಲೂ ಅಳೆದು ಸರಾಸರಿ ತೆಗೆಯಿರಿ ಎಂದರು. ಟೆಕ್ಸಾಸ್‌ನಲ್ಲಿ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಜಾಗ ಹುಡುಕುತ್ತಿದ್ದ ಥಾಂಪ್ಸನ್ ಮತ್ತು ಸಂಗಡಿಗರಿಗೆ ಆರು ಜಾಗಗಳಲ್ಲಿ ಐದು ದಕ್ಷವೆಂದೇ ಬಂದಾಗ, ತೂಕಗಳಿಗೆ ಮೇಲಿನ ಮತ್ತು ಕೆಳಗಿನ ಮಿತಿ ಹಾಕಿದರು. ಮಿತಿ ಹಾಕುವವರು ಮತ್ತೆ ಮನುಷ್ಯರೇ. ಹಿಂಬಾಗಿಲಿನಿಂದ ಕಳಿಸಿದ ವಿವೇಚನೆ ಮುಂಬಾಗಿಲಿನಿಂದ ಒಳಬಂತು.

ಹಾಗಾದರೆ ಇಷ್ಟೆಲ್ಲ ಗಣಿತದಿಂದ ದಕ್ಕಿದ್ದೇನು? ವಿವೇಚನೆಯನ್ನು ಗಣಿತ ಇಲ್ಲವಾಗಿಸಲಿಲ್ಲ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ತಂದಿಟ್ಟಿತು. ಅದಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಸೋತವರಿಗೆ ಅದು ಕೊಡುವ ಉತ್ತರ. ರೂಢಿಯ ಅಂಕಪಟ್ಟಿ 'ಕ'ನಿಗೆ ನಿನ್ನ ಸ್ಥಾನ ಮೂರನೆಯದು ಎಂದಷ್ಟೇ ಹೇಳುತ್ತದೆ. ಈ ಮಾದರಿಯಾದರೆ, ನಿನಗೆ ಅತಿ ಅನುಕೂಲವಾದ ತೂಕದಲ್ಲೇ ಅಳೆದೆವು, ನಿನ್ನನ್ನು ಹೋಲಿಸಿದ್ದು 'ಅ' ಮತ್ತು 'ಬ'ರೊಂದಿಗೆ, ನೀನು ಇಳಿಸಬೇಕಾದದ್ದು ಇಷ್ಟು ಎಂದು ವಿವರಿಸುತ್ತದೆ. ಟೆಂಡರು ಕೈತಪ್ಪಿದವರಿಗೂ, ಶಾಲೆಯೊಂದು ಹಿಂದುಳಿದಿದೆ ಎನ್ನಿಸಿಕೊಂಡ ಶಿಕ್ಷಕರಿಗೂ ಕನಿಷ್ಠ ಇಷ್ಟು ವಿವರಣೆ ಸಲ್ಲಬೇಕು.