ಉಸಿರಿನ ದಾರಿಯ ಆರು ಅಂಗುಲ

ಕುರುಕ್ಷೇತ್ರ ಯುದ್ಧದ ಕೊನೆಯಲ್ಲಿ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕೂತ ಕಥೆ ಯಕ್ಷಗಾನ, ಬಯಲಾಟ ನೋಡಿದವರಿಗೆಲ್ಲ ಗೊತ್ತು. ಅವನಿಗೆ ಜಲಸ್ತಂಭನ ವಿದ್ಯೆ ಒಲಿದಿತ್ತು. ಅದು ಒಲಿಯದ ಸಾಮಾನ್ಯ ಮನುಷ್ಯ ನೀರಿನೊಳಗೆ ಉಸಿರಾಡುವುದು ಹೇಗೆ? ಬಿದಿರಿನ ಕೊಳವೆಯೊಂದನ್ನು ಬಾಯಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ನೀರಿನ ಮೇಲೆ ಬಿಟ್ಟರೆ ಆಗದೆ?

ಆಗದು. ಒಂದೇ ಒಂದು ಮೀಟರ್ ಆಳದಲ್ಲಿ ನೀರು ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಂ ಹೆಚ್ಚುವರಿ ಭಾರ ಹೇರುತ್ತದೆ. ಕೊಳವೆಯ ಗಾಳಿಗೆ ಆ ಒತ್ತಡ ಇರುವುದಿಲ್ಲ. ಎದೆ ಹಿಗ್ಗಿಸಲು ನಮ್ಮ ಸ್ನಾಯುಗಳ ಶಕ್ತಿ ಸಾಲುವುದಿಲ್ಲ. ಆದ್ದರಿಂದ ಮುಳುಗುವವನಿಗೆ ಬೇಕಾದದ್ದು ಬರಿಯ ಗಾಳಿಯಲ್ಲ. ಅವನಿರುವ ಆಳದ ಒತ್ತಡಕ್ಕೆ ಸಮನಾಗಿ, ಅವನು ಎಳೆದಾಗ ಮಾತ್ರ ಬರುವ ಗಾಳಿ. ಇದನ್ನು ಒದಗಿಸುವ ಸಾಧನವೇ ರೆಗ್ಯುಲೇಟರ್.

ಮುರ್ಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವವರು ಬಾಯಲ್ಲಿ ಕಚ್ಚಿಕೊಳ್ಳುವ ದುಂಡನೆಯ ಡಬ್ಬಿ ಈ ರೆಗ್ಯುಲೇಟರಿನ ಎರಡನೆಯ ಹಂತ. ಇಂಗ್ಲಿಷಿನಲ್ಲಿ 'ಸೆಕೆಂಡ್ ಸ್ಟೇಜ್'. ನೋಡಲು ಚಿಕ್ಕದು. ಆದರೆ ಅದು ಅವರ ಬಾಯಿಗೆ ಬಂದು ಸೇರಲು ಸುಮಾರು ತೊಂಬತ್ತು ವರ್ಷ ಹಿಡಿಯಿತು.

ಗಣಿಯಿಂದ ಕಡಲಿಗೆ

ಕಥೆ ಆರಂಭವಾಗುವುದು ಕಡಲಿನಲ್ಲಲ್ಲ, ಗಣಿಯಲ್ಲಿ. ಫ್ರಾನ್ಸಿನ ದಕ್ಷಿಣ ಭಾಗದ ಎಸ್ಪಾಲಿಯೋಂ ಎಂಬ ಊರಿನ ಬೆನ್ವಾ ರುಕೇರೊಲ್ ಗಣಿ ಎಂಜಿನಿಯರ್. ವಿಷಗಾಳಿ ತುಂಬಿದ ಸುರಂಗಗಳಲ್ಲಿ ಸಿಕ್ಕಿಬಿದ್ದವರನ್ನು ಹೊರತರಲು ಆತ 1860ರಲ್ಲಿ ಒಂದು ಸಾಧನಕ್ಕೆ ಪೇಟೆಂಟ್ ಪಡೆದ. ಉಸಿರು ಎಳೆದಾಗ ರಬ್ಬರಿನ ಪೊರೆಯೊಂದು ಜಗ್ಗಿ, ಕವಾಟ ತೆರೆದು, ಬೇಕಾದಷ್ಟೇ ಗಾಳಿ ಬಿಡುವ ಏರ್ಪಾಡು ಅದು. ನೌಕಾಪಡೆಯ ಅಧಿಕಾರಿ ಒಗುಸ್ತ್ ದೆನೆರೂಜ್ ಜೊತೆಗೂಡಿದ ಮೇಲೆ 1864ರಲ್ಲಿ ಅದು ನೀರಿಗಿಳಿಯಿತು. ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೊ ಕಡಲ ತಳದಲ್ಲಿ ನಡೆದಾಡಿದ್ದು ಇವರಿಬ್ಬರ ಹೆಸರಿನ ಸಾಧನವನ್ನು ತೊಟ್ಟೇ.

ಆದರೆ ಆ ಕಾಲದ ಕಬ್ಬಿಣದ ಡಬ್ಬಿಗಳಲ್ಲಿ ಹೆಚ್ಚು ಗಾಳಿ ತುಂಬಲಾಗುತ್ತಿರಲಿಲ್ಲ. ದಡದ ಪಂಪಿನ ಹಂಗು ತಪ್ಪಲಿಲ್ಲ. ಒಳ್ಳೆಯ ಆಲೋಚನೆ ಒಳ್ಳೆಯ ಸಿಲಿಂಡರಿಗಾಗಿ ಕಾದು ಕುಳಿತಿತು.

ಮಾರ್ನ್ ನದಿಯ ಪಾಠ

ಎರಡನೆಯ ಮಹಾಯುದ್ಧದ ದಿನಗಳು. ನಮ್ಮ ಮೈಸೂರು ಸೀಮೆಯಲ್ಲಿ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸಿದ್ದನ್ನು ಹಿರಿಯರು ಹೇಳುತ್ತಿದ್ದರು. ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನಲ್ಲೂ ಪೆಟ್ರೋಲಿಗೆ ಅದೇ ಬರ. ಪ್ಯಾರಿಸ್ಸಿನ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾಂ ಮೋಟಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಒಂದು ಕವಾಟವನ್ನು ರೂಪಿಸಿದ್ದರು. ಎಂಜಿನ್ನು ಎಳೆದಷ್ಟು ಗ್ಯಾಸು ಬಿಡುವುದು ಅದರ ಕೆಲಸ. 1942ರ ಡಿಸೆಂಬರಿನಲ್ಲಿ ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ಟೊ ಅವರನ್ನು ಹುಡುಕಿಕೊಂಡು ಬಂದರು. ಎಂಜಿನ್ನಿನ ಜಾಗದಲ್ಲಿ ಮನುಷ್ಯನ ಶ್ವಾಸಕೋಶವನ್ನು ಇಟ್ಟರೆ ಆಯಿತಲ್ಲ!

ಅಷ್ಟು ಸುಲಭವಾಗಿರಲಿಲ್ಲ. 1943ರ ಜನವರಿಯಲ್ಲಿ ಕೂಸ್ಟೊ ಮಾರ್ನ್ ನದಿಯ ಕೊರೆಯುವ ನೀರಿಗಿಳಿದರು. ಅಡ್ಡಡ್ಡಲಾಗಿ ಈಜಿದಾಗ ಸಾಧನ ಸರಿಯಾಗಿತ್ತು. ನೆಟ್ಟಗೆ ನಿಂತರೆ ಗಾಳಿ ಬುಳಬುಳನೆ ಹರಿದು ಪೋಲಾಗುತ್ತಿತ್ತು. ತಲೆಕೆಳಗಾದರೆ ಉಸಿರು ಎಳೆಯುವುದೇ ಕಷ್ಟವಾಯಿತು.

ಇಬ್ಬರೂ ನಿರಾಶರಾಗಿ ಮರಳಿದರೂ ಕಾರಣ ಬೇಗನೆ ಹೊಳೆಯಿತು. ಗಾಳಿ ಬರುವ ಜಾಗಕ್ಕೂ, ಬಿಟ್ಟ ಉಸಿರು ಹೊರಹೋಗುವ ಜಾಗಕ್ಕೂ ಸುಮಾರು 6 ಅಂಗುಲ ಅಂತರವಿತ್ತು. ನೆಟ್ಟಗೆ ನಿಂತಾಗ ಹೊರದಾರಿ ಮೇಲಿರುತ್ತಿತ್ತು. ಅಲ್ಲಿ ನೀರಿನ ಒತ್ತಡ ಅಷ್ಟು ಕಡಿಮೆ. ಆ ವ್ಯತ್ಯಾಸವೇ ಗಾಳಿಯನ್ನು ಎಳೆದೊಯ್ಯುತ್ತಿತ್ತು. ತಲೆಕೆಳಗಾದಾಗ ಇದೇ ಲೆಕ್ಕ ತಿರುವುಮುರುವು. ಹೊರದಾರಿಯನ್ನು ಪೊರೆಯ ಮಟ್ಟಕ್ಕೇ ತಂದಿಟ್ಟರು, ಕಾಟ ತಪ್ಪಿತು. ಅದೇ ವರ್ಷದ ಜೂನ್‌ನಲ್ಲಿ ಕೂಸ್ಟೊ ಮೆಡಿಟರೇನಿಯನ್ ಕಡಲಿನಲ್ಲಿ ಮೀನಿನಂತೆ ಈಜಿದರು. ಯುದ್ಧ ಮುಗಿದ ಮೇಲೆ 'ಆಕ್ವಾಲಂಗ್' ಮಾರುಕಟ್ಟೆಗೆ ಬಂತು.

ಬೆನ್ನಿನಿಂದ ಬಾಯಿಗೆ

ಆಕ್ವಾಲಂಗಿನ ಯಂತ್ರವೆಲ್ಲ ಇದ್ದದ್ದು ಬೆನ್ನ ಮೇಲೆ, ಸಿಲಿಂಡರಿನ ತುದಿಯಲ್ಲಿ. ಅಲ್ಲಿಂದ ಬಾಯಿಗೆ ಒಂದು ದಪ್ಪ ಕೊಳವೆ. ಬಿಟ್ಟ ಉಸಿರನ್ನು ಮತ್ತೆ ಬೆನ್ನಿಗೆ ಒಯ್ಯಲು ಇನ್ನೊಂದು. ಹೊಟ್ಟೆ ಕೆಳಗಾಗಿ ಈಜುವಾಗ ಶ್ವಾಸಕೋಶ ಪೊರೆಗಿಂತ ಆಳದಲ್ಲಿರುತ್ತದೆ. ಆದ್ದರಿಂದ ಉಸಿರು ಸ್ವಲ್ಪ ಬಿಗಿ. ಅಂಗಾತ ತಿರುಗಿದರೆ ಗಾಳಿ ನುಗ್ಗಿ ಬರುತ್ತಿತ್ತು.

ಇದಕ್ಕೆ ಬೇರೆ ದಾರಿ ಹಿಡಿದವರಲ್ಲಿ ಮುಖ್ಯರು ಆಸ್ಟ್ರೇಲಿಯದ ಮೆಲ್ಬರ್ನಿನ ಟೆಡ್ ಎಲ್ಡ್ರೆಡ್. ಎರಡು ಕೊಳವೆಯ ವಿನ್ಯಾಸ ಫ್ರೆಂಚರ ಪೇಟೆಂಟಿನಲ್ಲಿ ಭದ್ರವಾಗಿತ್ತು. ಎಲ್ಡ್ರೆಡ್ ಯಂತ್ರವನ್ನೇ ಎರಡು ಪಾಲು ಮಾಡಿದರು. ಸಿಲಿಂಡರಿನ ಭಾರೀ ಒತ್ತಡವನ್ನು ಇಳಿಸುವ ಮೊದಲ ಹಂತ ಬೆನ್ನ ಮೇಲೆ. ಪೊರೆ, ಕವಾಟ, ಹೊರದಾರಿ ಇರುವ ಎರಡನೆಯ ಹಂತ ಬಾಯಲ್ಲಿ. ನಡುವೆ ಒಂದೇ ತೆಳು ಕೊಳವೆ. 1952ರಲ್ಲಿ 'ಪೋರ್ಪಸ್' ಹೆಸರಿನಲ್ಲಿ ಇದು ಮಾರಾಟಕ್ಕೆ ಬಂತು. ಇಂದು ಮನರಂಜನೆಗಾಗಿ ಮುಳುಗುವವರು ಬಳಸುವ ರೆಗ್ಯುಲೇಟರುಗಳೆಲ್ಲ ಬಹುಮಟ್ಟಿಗೆ ಈ ಮಾದರಿಯವೇ.

ಡಬ್ಬಿಯ ಒಳಗೆ

ಈ ಡಬ್ಬಿಯನ್ನು ಬಿಚ್ಚಿ ನೋಡಿದರೆ ಆಶ್ಚರ್ಯವಾಗುತ್ತದೆ. ಒಂದು ರಬ್ಬರ್ ಪೊರೆ, ಅದಕ್ಕೆ ತಾಗಿದ ಸನ್ನೆ, ಒಂದು ಸ್ಪ್ರಿಂಗು, ನಮ್ಮ ನಲ್ಲಿಯ ವಾಷರಿನಂಥ ಪುಟ್ಟ ಮೆದು ಬಿಲ್ಲೆ, ಉಸಿರು ಹೊರಹೋಗಲು ತೆಳು ರಬ್ಬರಿನ ಮುಚ್ಚಳ. ಸಿಲಿಂಡರಿನ 200 ಬಾರ್ ಒತ್ತಡ ಮೊದಲ ಹಂತದಲ್ಲಿ ಇಳಿದು, ಸುತ್ತಲ ನೀರಿನ ಒತ್ತಡಕ್ಕಿಂತ 9-10 ಬಾರ್‌ನಷ್ಟು ಹೆಚ್ಚಾಗಿ ಇಲ್ಲಿಗೆ ಬರುತ್ತದೆ. ಲೋಹದ ರಂಧ್ರವೊಂದರ ಚೂಪು ಅಂಚಿಗೆ ಬಿಲ್ಲೆಯನ್ನು ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಉಸಿರು ಎಳೆದಾಗ ಪೊರೆ ಒಳಗೆ ಬಾಗಿ, ಸನ್ನೆ ತಗ್ಗಿ, ಬಿಲ್ಲೆ ಸರಿದು ಗಾಳಿ ಬರುತ್ತದೆ. ಮೊದಲ ಹಂತ ಕೆಟ್ಟು ಒತ್ತಡ ಏರಿದರೂ ಈ ಕವಾಟ ತಾನೇ ತೆರೆದು ಗಾಳಿ ಸೋರಿಸುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ಮುಳುಗಿದವನನ್ನು ಕಾಯುವ ಗುಣ ಇದು.

1970ರ ದಶಕದ ಹಿತ್ತಾಳೆಯ ಮೇಲೆ ಕ್ರೋಮಿಯಂ ಲೇಪಿಸಿದ ಇಂಥ ಡಬ್ಬಿಗಳು ಇಂದಿಗೂ ಕೆಲಸ ಮಾಡುತ್ತಿವೆ. ಸವೆಯುವುದು ಲೋಹವಲ್ಲ, ರಬ್ಬರು. ವರ್ಷಗಟ್ಟಲೆ ಒತ್ತಿಸಿಕೊಂಡ ಬಿಲ್ಲೆಯಲ್ಲಿ ಚೂಪು ಅಂಚಿನ ಗುರುತು ಕೊರೆದು ಗಾಳಿ ಜಿನುಗುತ್ತದೆ. ಹೊರದಾರಿಯ ಮುಚ್ಚಳದ ಕೆಳಗೆ ಒಂದು ಮರಳಿನ ಕಣ ಸಿಕ್ಕಿದರೂ ಉಸಿರಿನ ಜೊತೆ ಉಪ್ಪುನೀರು ಬರುತ್ತದೆ. ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಅಡುಗೆಮನೆಯಲ್ಲಿ ಹುಣಿಸೆಹಣ್ಣು ಮಾಡುವ ಕೆಲಸವನ್ನು ಇಲ್ಲಿ ನೀರು ಬೆರೆಸಿದ ವಿನೆಗರ್ ಮಾಡುತ್ತದೆ. ಹೆಚ್ಚು ಹೊತ್ತು ನೆನೆಸಿದರೆ ಲೇಪವೇ ಹಾಳು.

ಬೋಗುಣಿ ನೀರಿನ ಪರೀಕ್ಷೆ

ಅನುಭವಿ ಮೆಕ್ಯಾನಿಕ್ ಮೊದಲು ನೋಡುವುದು ಎರಡನೆಯ ಹಂತವನ್ನಲ್ಲ. ಮೀಟರ್ ಜೋಡಿಸಿ ಮೊದಲ ಹಂತದ ಒತ್ತಡ ಸ್ಥಿರವಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಅಲ್ಲಿ ದೋಷವಿದ್ದರೆ ಇಲ್ಲಿ ಎಷ್ಟು ತಿರುಗಿಸಿದರೂ ವ್ಯರ್ಥ. ಬಳಿಕ ಹೊಸ ಬಿಲ್ಲೆ, ಹೊಸ ಓ-ರಿಂಗುಗಳು, ತುಸು ಸಿಲಿಕೋನ್ ಗ್ರೀಸು. ರಂಧ್ರದ ಅಂಚನ್ನು ಸೋರಿಕೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಒಳಗೆ ತಿರುಗಿಸಬೇಕು. ತಿರುಗಿಸುವಾಗ ಡಬ್ಬಿಯ ಮುಂದಿನ ಗುಂಡಿ ಒತ್ತಿ ಹಿಡಿಯದಿದ್ದರೆ ಹೊಸ ಬಿಲ್ಲೆ ಅಲ್ಲೇ ಕತ್ತರಿಸಿಹೋಗುತ್ತದೆ. ಸನ್ನೆ ಪೊರೆಗೆ ಸುಮ್ಮನೆ ತಾಗುವಂತಿರಬೇಕು. ಸಡಿಲವೂ ಬೇಡ, ಒತ್ತಡವೂ ಬೇಡ.

ಸರಿಯಾಯಿತೆ ಎಂದು ತಿಳಿಯಲು ಒಂದು ಬೋಗುಣಿ ನೀರು ಸಾಕು. ಪೊರೆ ಕೆಳಗೆ, ಬಾಯಿಯ ತುದಿ ಮೇಲೆ ಇರುವಂತೆ ಡಬ್ಬಿಯನ್ನು ಮೆಲ್ಲಗೆ ನೀರಿಗಿಳಿಸಬೇಕು. ಪೊರೆ ಎಷ್ಟು ಆಳ ಹೋದಾಗ 'ಸುಯ್' ಎಂದು ಗಾಳಿ ಹೊರಡುತ್ತದೋ ಅಷ್ಟೇ ಅದನ್ನು ತೆರೆಯಲು ಬೇಕಾದ ಶ್ರಮ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಂಗುಲ.

ಇನ್ನೂ ಹಗುರ ಮಾಡಬಾರದೆ ಎಂಬ ಆಸೆ ಸಹಜ. ಅಂಗಡಿಯ ಮೇಜಿನ ಬಳಿ ಅದು ಸೊಗಸಾಗಿಯೇ ಇರುತ್ತದೆ. ಆದರೆ ಡಬ್ಬಿಯ ಪೊರೆಗೂ ಹೊರದಾರಿಯ ಮುಚ್ಚಳಕ್ಕೂ ಇಂದಿಗೂ ಸುಮಾರು ಒಂದು ಅಂಗುಲದ ಅಂತರ ಇದ್ದೇ ಇದೆ. ಅದಕ್ಕಿಂತ ಹಗುರಾಗಿ ಹೊಂದಿಸಿದರೆ, ಮುಖ ಕೆಳಗಾಗಿ ಈಜುವಾಗ ಪೊರೆ ಆಳದಲ್ಲೂ ಮುಚ್ಚಳ ಮೇಲೆಯೂ ಆಗಿ, ಗಾಳಿ ತಾನಾಗಿ ಹರಿಯತೊಡಗುತ್ತದೆ. ಮಾರ್ನ್ ನದಿಯಲ್ಲಿ ಕೂಸ್ಟೊ ಅವರನ್ನು ಕಾಡಿದ ತೊಂದರೆಯೇ ಇದು. ಆರು ಅಂಗುಲ ಒಂದಕ್ಕೆ ಇಳಿದಿದೆ, ಅಷ್ಟೆ. ಹಾಗೆಂದು ಬಿಗಿ ಮಾಡಿದರೂ ಅಪಾಯ: ಪ್ರತಿ ಉಸಿರಿಗೂ ದುಡಿದು ದಣಿದವನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಗಾಬರಿ ಹುಟ್ಟುತ್ತದೆ. 20 ಮೀಟರ್ ಆಳದಲ್ಲಿ ಗಾಬರಿಯಂಥ ಶತ್ರು ಬೇರೆ ಇಲ್ಲ.

ಆದ್ದರಿಂದಲೇ ಇದು ಓದಿ ಕಲಿತು ಮನೆಯಲ್ಲಿ ಮಾಡುವ ರಿಪೇರಿಯಲ್ಲ; ತರಬೇತಿ ಪಡೆದ ಕೈಯೇ ಬೇಕು. ಆದರೆ ನೀರಿಗಿಳಿಯುವ ಮೊದಲು ನಾವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸಿಲಿಂಡರ್ ತೆರೆಯುವ ಮುನ್ನ ಡಬ್ಬಿಯನ್ನು ಬಾಯಿಗಿಟ್ಟು ಉಸಿರು ಎಳೆಯಿರಿ. ಗಾಳಿ ಬರಬಾರದು. ಬಂದರೆ ಪೊರೆಯಲ್ಲೋ ಮುಚ್ಚಳದಲ್ಲೋ ತೂತಿದೆ ಎಂದರ್ಥ. ದೋಣಿಯಲ್ಲಿ ಕುಳಿತಿರುವಾಗ ಆ ದಾರಿಯಿಂದ ಬರುವುದು ಗಾಳಿ. ಮುಳುಗಿದ ಮೇಲೆ ಬರುವುದು ಸಮುದ್ರ.